ಹತ್ತು ಎಣಿಸುವಷ್ಟರಲ್ಲಿ

ಪ್ರಯೋಗಾಲಯ ಗಂಡ ಹೆಂಡತಿ ಇಬ್ಬರದೂ; ಓದಿದ್ದೂ ಇಬ್ಬರೂ ಒಂದೇ ಪದವಿ. ಆದರೂ ಬಾಗಿಲ ಫಲಕದಲ್ಲಿ ಗಂಡನ ಹೆಸರು ಅಂಗೈಯಗಲ, ಹೆಂಡತಿಯದು ಇರುವೆ ಸಾಲು. ಅವಳು ಮನಸ್ಸಿನಲ್ಲೇ ಅವನಿಗೆ ಬೃಹಸ್ಪತಿ ಎಂದು ಹೆಸರಿಟ್ಟಿದ್ದಳು. ಬೃಹಸ್ಪತಿಗೆ ಬಾಯಿ ತೆರೆಯಲು ಬರುತ್ತಿತ್ತು, ಮುಚ್ಚಲು ಬರುತ್ತಿರಲಿಲ್ಲ.

ಅಂದು ಬೆಳಿಗ್ಗೆ ಗಾಜಿನ ತಟ್ಟೆಯಲ್ಲಿ ಬೆಳೆದಿದ್ದದ್ದು ಅತ್ತೆಯ ಮೂತ್ರದಿಂದ ತೆಗೆದ ಬ್ಯಾಕ್ಟೀರಿಯಾ. ಅತ್ತೆ ಜ್ವರ ಬಂದು ಎದುರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಮೂತ್ರಪಿಂಡ ಮೊದಲೇ ಸೊರಗಿತ್ತು. ಬಂದಿರುವುದು ಕರುಳಿನ ಸಾಮಾನ್ಯ ಜಾತಿಯಾದರೆ ಸೌಮ್ಯ ಮಾತ್ರೆ ಸಾಕು. ಹಠಮಾರಿ ಜಾತಿಯಾದರೆ ಕೊಡುವ ಚುಚ್ಚುಮದ್ದು ಆ ಮೂತ್ರಪಿಂಡವನ್ನೇ ತಿಂದುಹಾಕಬಹುದು. ಎರಡನ್ನೂ ಬೇರೆ ಮಾಡುವುದು ಆಕ್ಸಿಡೇಸ್ ಪರೀಕ್ಷೆ. ರಾಸಾಯನಿಕದಲ್ಲಿ ನೆನೆಸಿದ ಕಾಗದಕ್ಕೆ ಬ್ಯಾಕ್ಟೀರಿಯಾ ಸವರಬೇಕು. ಹತ್ತು ಎಣಿಸುವಷ್ಟರಲ್ಲಿ ನೇರಳೆ ಬಣ್ಣ ಬಂದರೆ ಹಠಮಾರಿ. ಆಮೇಲೆ ನೋಡುವಂತಿಲ್ಲ, ಏಕೆಂದರೆ ಗಾಳಿ ತಗುಲಿದರೆ ಕಾಗದ ತಾನಾಗಿಯೇ ನೇರಳೆಯಾಗುತ್ತದೆ.

“ನಮ್ಮಮ್ಮಂದು, ನಾನೇ ಮಾಡ್ತೀನಿ,” ಎಂದ ಬೃಹಸ್ಪತಿ. ಅವನು ಸವರುವುದಕ್ಕೂ ಅವನ ಅಕ್ಕನ ಫೋನ್ ಬರುವುದಕ್ಕೂ ಸರಿಹೋಯಿತು. ಕಾಗದಕ್ಕೆ ಬೆನ್ನು ಹಾಕಿ ಕಿಟಕಿಗೆ ಹೋದ. “ನೀನ್ಯಾಕೆ ಹೆದರ್ತೀಯಾ ಅಕ್ಕ? ನಾನಿಲ್ವಾ?” ಎಂದು ಶುರುವಾದದ್ದು ತನ್ನ ಕೈಗುಣದ ಪುರಾಣಕ್ಕೆ ತಿರುಗಿತು. ಪಕ್ಕದ ಕೋಣೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ಹೆಂಡತಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳು ಬರುವ ಹೊತ್ತಿಗೆ ಅವನು ಆಸ್ಪತ್ರೆಗೂ ಫೋನ್ ಮಾಡಿ ಮುಗಿಸಿದ್ದ.

“ನೇರಳೆ! ಮಧ್ಯಾಹ್ನದಿಂದ ಚುಚ್ಚುಮದ್ದು ಕೊಡ್ತಾರೆ.”

“ರೀ, ನೀವು ಎಣಿಸಿದ್ರಾ?”

“ನನಗೆ ಎಣಿಸೋದು ಹೇಳ್ಕೊಡ್ತೀಯಾ?”

ಅವಳಿಗೆ ಮೈಯೆಲ್ಲ ಉರಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿ ಹೊತ್ತು ಕಳೆಯುವಂತಿರಲಿಲ್ಲ. ಹೊಸ ಕಾಗದವೊಂದನ್ನು ನೆನೆಸಿ ಅವನ ಮುಂದಿಟ್ಟು, “ಅಕ್ಕ ಏನಂದ್ರು?” ಎಂದಳು. ಅಷ್ಟೇ ಸಾಕಾಯಿತು. ಅಕ್ಕ ಅಂದದ್ದು, ಭಾವ ಅಂದದ್ದು, ತಾನು ಕೊಟ್ಟ ಉತ್ತರ, ಕೊಡಬಹುದಾಗಿದ್ದ ಉತ್ತರ ಎಲ್ಲವೂ ಬಂದವು.

“ಈಗ ಇದನ್ನ ನೋಡಿ,” ಎಂದಳು.

“ನೋಡು, ಮತ್ತೆ ನೇರಳೆ! ಅದೇ ಬ್ಯಾಕ್ಟೀರಿಯಾ.”

“ಯಾವ ಬ್ಯಾಕ್ಟೀರಿಯಾ? ಅದಕ್ಕೆ ನಾನು ಏನೂ ಸವರೇ ಇಲ್ಲ.”

ಬೃಹಸ್ಪತಿಯ ಬಾಯಿ ಕೊನೆಗೂ ಮುಚ್ಚಿತು. ಅವಳು ಅತ್ತೆಯ ತಟ್ಟೆಯಿಂದ ಮತ್ತೆ ಸವರಿ, ಅವನೆದುರೇ ಗಟ್ಟಿಯಾಗಿ ಹತ್ತು ಎಣಿಸಿದಳು. ಕಾಗದ ಬೆಳ್ಳಗೇ ಇತ್ತು. ಅವನು ಫೋನ್ ಎತ್ತಿಕೊಂಡ.

“ಡಾಕ್ಟ್ರೇ, ಚುಚ್ಚುಮದ್ದು ಬೇಡ. ನಮ್ಮವಳು ಅವಸರದಲ್ಲಿ ತಪ್ಪು ನೋಡ್ಬಿಟ್ಟಿದ್ಲು. ನಾನು ಸರಿ ಮಾಡ್ದೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ನೆಲವೂ ಬೇಕಾಗಲಿಲ್ಲ, ಹೆಂಡತಿ ಇದ್ದಳು. ಚುಚ್ಚುಮದ್ದು ನಿಂತಿತಲ್ಲ ಎಂದು ಅವಳು ಹಲ್ಲು ಕಚ್ಚಿ ತಟ್ಟೆ ಎತ್ತಿಟ್ಟಳು.

ಮಾತ್ರೆಗೇ ಜ್ವರ ಇಳಿಯಿತು. ನೋಡಲು ಹೋದಾಗ ಅತ್ತೆ ದಿಂಬಿಗೊರಗಿ ಕೂತಿದ್ದರು; ತಮ್ಮ ಹೇಳಿದ್ದನ್ನೆಲ್ಲ ಅಕ್ಕ ಆಗಲೇ ವರದಿ ಒಪ್ಪಿಸಿಯಾಗಿತ್ತು.

“ನನ್ನ ಮಗ ಇದ್ದ, ಬದುಕಿದೆ. ನೀನೂ ಸ್ವಲ್ಪ ನಿಧಾನ ಕಲಿಯಮ್ಮ. ನಿನ್ನ ಅವಸರಕ್ಕೆ ನನ್ನ ಪ್ರಾಣ ಹೋಗೋದು.”

ಅವಳು ಗಂಡನ ಮುಖ ನೋಡುತ್ತಾ ಮನಸ್ಸಿನಲ್ಲೇ ಎಣಿಸತೊಡಗಿದಳು. ಅವನು ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ. ಏಳಾಯಿತು, ಎಂಟಾಯಿತು, ಹತ್ತೂ ಆಯಿತು. ಒಂದು ತೊಳೆ ಬಿಡಿಸಿ ತಾಯಿಗೆ ಕೊಟ್ಟ ಮೇಲೆ, ಹೆಂಡತಿ ತನ್ನನ್ನೇ ನೋಡುತ್ತಿರುವುದು ಕಂಡು ಅವನ ಕಿವಿಗಳು ಕೆಂಪಾದವು.

ಹತ್ತರ ನಂತರ ಬಂದ ಬಣ್ಣವನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.