ಒಂದು ಬುಟ್ಟಿ ಉಪ್ಪು

ನನ್ನ ಬಾಮೈದ ಕಿಸಬುರೊ ಜರ್ಮನಿಯಿಂದ ಬಂದ ದಿನ ಊರಿಗೆ ಊರೇ ಕಡಲ ದಡಕ್ಕೆ ಓಡಿತ್ತು. ನಾನು ಹೋಗಲಿಲ್ಲ. ಜುಟ್ಟು ಕತ್ತರಿಸಿಕೊಂಡು, ಚರ್ಮದ ಬೂಟು ಮೆಟ್ಟಿಕೊಂಡು ಬಂದವನು ನಾನು ಮಡಕೆ ಸುಡುವ ಆವಿಗೆ ನೋಡಿ ಆಡಿದ ಮೊದಲ ಮಾತೇ, "ಭಾವ, ಇದಿನ್ನೂ ಬಿದ್ದಿಲ್ವಾ?"

ನಮ್ಮಜ್ಜ ಕಟ್ಟಿದ್ದು ಅದು. ಗುಡ್ಡದ ಇಳಿಜಾರಿನಲ್ಲಿ ಮಲಗಿ ಸೌದೆ ತಿನ್ನುತ್ತಾ ಮೂರು ತಲೆಮಾರಿಗೆ ಅನ್ನ ಹಾಕಿತ್ತು. ಅದರ ಪಕ್ಕದಲ್ಲೇ ಕಿಸಬುರೊ ಕಲ್ಲಿದ್ದಲಿನ ಚೌಕದ ಆವಿಗೆ ಎಬ್ಬಿಸಿದ. ಬಂದರು ಪಟ್ಟಣದ ಚರಂಡಿಗೆ ಮಣ್ಣಿನ ಕೊಳವೆ ಬೇಕಾಗಿದ್ದವು. ನೀರು ಜಿನುಗದ ಕೊಳವೆ ಸುಟ್ಟುಕೊಟ್ಟರೆ ನನ್ನ ಆವಿಗೆ ಕೆಡವಿ ಆ ಜಾಗವನ್ನೂ ಅವನಿಗೇ ಕೊಡುವುದೆಂದು ಸರ್ಕಾರಿ ಅಧಿಕಾರಿ ಹೇಳಿ ಹೋಗಿದ್ದ. ಮೂರು ಸಲ ಸುಡಲು ಅವಕಾಶ. ಎರಡು ಸಲ ಸುಟ್ಟ; ಎರಡು ಸಲವೂ ಕೊಳವೆಗಳು ಮಂಕಾಗಿ ಬಂದವು, ನೀರು ತುಂಬಿದರೆ ಬೆವರಿದವು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅವನ ಹತ್ತಿರ ಏಳು ಪುಸ್ತಕ ತುಂಬ ಬರಹವಿತ್ತು. ಇಟ್ಟಿಗೆ ಎಷ್ಟು ದಪ್ಪ, ಇದ್ದಲು ಎಷ್ಟು ಸಲಿಕೆ, ಎಲ್ಲವೂ. ಯಾರನ್ನೂ ಕೇಳಿ ಬರೆದದ್ದಲ್ಲ. ಗುರುವನ್ನು ಪ್ರಶ್ನೆ ಕೇಳುವುದು ನಮ್ಮಲ್ಲಿ ನಾಚಿಕೆಗೇಡು, ಕಸುಬನ್ನು ಕಣ್ಣಲ್ಲೇ ಕದಿಯಬೇಕು. ಹಾಗೆಂದು ಅವನ ಬೆನ್ನ ಮೇಲೆ ಬಾರಿಸಿ ಕಲಿಸಿದವನು ನಾನೇ. ಸರ್ಕಾರ ಕಲಿಯಲು ಕಳಿಸಿದ ಪರದೇಶದಲ್ಲೂ ಎರಡು ವರ್ಷ ಹಾಗೇ ಬಾಯಿ ಹೊಲಿದುಕೊಂಡು ನೋಡಿ ಬಂದಿದ್ದ.

ಮೂರನೆಯ ಸಲ ಬೆಂಕಿ ಕೊಡುವ ಮುಂಚೆ ನನ್ನ ಹೆಂಡತಿ ಸಾತೊ, ತಮ್ಮನ ಮೇಲಿನ ಮಮತೆಗೆ, ಅವನ ಆವಿಗೆಯ ಬಾಯಿಗೆ ಚಿಟಿಕೆ ಉಪ್ಪು ಚೆಲ್ಲಿದಳು. ಮೈಲಿಗೆ ಕಳೆಯಲು ನಾವೆಲ್ಲ ಮಾಡುವ ಶಾಸ್ತ್ರ.

ಕಿಸಬುರೊ ನಕ್ಕ. "ಈ ಹುಚ್ಚು ನಮಗೊಬ್ರಿಗೇ ಅಲ್ಲ ಕಣಕ್ಕ. ಜರ್ಮನಿಯೋರೂ ಉಪ್ಪು ಹಾಕ್ತಾರೆ."

"ಹೌದೇನೋ? ಅವ್ರಿಗೂ ಬೆಂಕಿ ದೇವರಿದಾನಾ?"

"ಯಾವನೋ ಇರ್ಬೇಕು. ಉರಿ ಬೆಳ್ಳಗಾದಾಗ ಬುಟ್ಟಿಗಟ್ಲೆ ಒಳಗೆ ಸುರೀತಾರೆ. ಪೂಜೆ ಪುನಸ್ಕಾರ ಬರ್ಕೊಂಡು ಬಾ ಅಂತ ನನ್ನ ಕಳಿಸಿರ್ಲಿಲ್ವಲ್ಲ, ಬಿಟ್ಟೆ."

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಇಂಥ ಪೆದ್ದನನ್ನು ಎದುರಿಗಿಟ್ಟುಕೊಂಡು ಅವನು ಪೆದ್ದ ಎಂದು ಹೇಳದಿರುವುದು ನನ್ನ ಕೈಲಾಗುವ ಕೆಲಸವೇ?

"ಲೋ ಬೂಟಿನ ದೊರೆ," ಅಂದೆ, "ದೇವರಿಗೆ ಚಿಟಿಕೆ ಸಾಕು ಕಣೋ. ಬುಟ್ಟಿಗಟ್ಲೆ ಯಾವನು ಕೊಡ್ತಾನೆ? ನನ್ನ ಆವಿಗೇಲಿ ಸೌದೆ ಬೂದಿ ಹಾರಿ ಮಡಕೆ ಮೈಗೆ ಕರಗಿ ಗಾಜಾಗಲ್ವಾ? ಅಲ್ಲಿ ಉಪ್ಪು ಆ ಕೆಲಸ ಮಾಡುತ್ತೆ. ಅಷ್ಟು ದೂರ ಹೋಗಿ ಬರೀ ಇಟ್ಟಿಗೆ ಎಣಿಸ್ಕೊಂಡು ಬಂದ್ಯಾ?"

ಅವನ ನಗು ನಿಂತಿತು. ಬುಟ್ಟಿ ಎತ್ತಿಕೊಂಡು ಕಡಲ ದಡದ ಉಪ್ಪಿನಗದ್ದೆಗಳ ಕಡೆ ಓಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ನೀವ್ಯಾಕೆ ಹೇಳೋಕೆ ಹೋದ್ರಿ?" ಅಂದಳು ಸಾತೊ.

ಆರನೆಯ ದಿನ ಕೊಳವೆಗಳು ಹೊರಬಂದವು. ಕಂದು ಬಣ್ಣ, ಮಿರಮಿರ ಮಿರುಗುವ ಮೈ. ಅಧಿಕಾರಿ ಒಂದರ ತಳ ಮುಚ್ಚಿಸಿ, ನೀರು ತುಂಬಿಸಿ, ಎರಡು ಸಲ ಚಹಾ ಕುಡಿದು ಮುಗಿಸುವವರೆಗೂ ಕಾದ. ಒಂದು ಹನಿಯೂ ಜಿನುಗಲಿಲ್ಲ.

"ಈ ಉಪ್ಪಿನ ವಿದ್ಯೆ ಎಲ್ಲಿ ಕಲಿತ್ರಿ?" ಎಂದು ಕೇಳಿದ.

ಕಿಸಬುರೊ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. "ಜರ್ಮನಿಯಲ್ಲಿ," ಅಂದ.

ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಅದು ಸುಳ್ಳಲ್ಲ.

ಮಾರನೆಯ ಬೆಳಗ್ಗೆ ಹಾರೆ ಗುದ್ದಲಿ ಹಿಡಿದ ಹನ್ನೆರಡು ಆಳುಗಳು ಗುಡ್ಡ ಹತ್ತಿದರು. ನಮ್ಮಜ್ಜನ ಆವಿಗೆಯನ್ನು ಅವರು ಕಂಡಕಂಡಲ್ಲಿ ಕುಟ್ಟುವುದನ್ನು ನೋಡಲಾಗದೆ ಒಬ್ಬನ ಹಾರೆ ಕಿತ್ತುಕೊಂಡು ನಾನೇ ನೆತ್ತಿಯಿಂದ ಬಿಚ್ಚತೊಡಗಿದೆ. ಹಾಗೆ ಬಿಚ್ಚಿದರೆ ಇಟ್ಟಿಗೆ ಒಡೆಯುವುದಿಲ್ಲ. ಆಳುಗಳು ನನ್ನ ಕೈ ನೋಡಿಕೊಂಡು ಹಾಗೇ ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಗುಡ್ಡ ಬೋಳಾಗಿತ್ತು.