ಇಬ್ಬರು ಕಂಡರೆ

ನನ್ನ ತಮ್ಮ ಇಪ್ಪತ್ತೆರಡು ವರ್ಷ ಆ ದ್ವೀಪದ ಕಾವಲುಗಾರನಾಗಿದ್ದ. ಅದು ಕಾಡುಜೀವಿಗಳಿಗೆಂದು ಮೀಸಲಿಟ್ಟ ದ್ವೀಪ. ಮನುಷ್ಯರ ಪೈಕಿ ಅಲ್ಲಿದ್ದವನು ಅವನೊಬ್ಬನೇ. ಸಾಯುವುದಕ್ಕೆ ಒಂದು ತಿಂಗಳ ಮುಂಚೆ ಅವನು ಅಲ್ಲಿನ ದಾಖಲೆ ಪುಸ್ತಕದಲ್ಲಿ, ಮೂಡಣ ಕೊಲ್ಲಿಯಲ್ಲಿ ತಾಯಿ ನೀರುನಾಯಿಯೊಂದನ್ನೂ ಎರಡು ಮರಿಗಳನ್ನೂ ಕಂಡೆನೆಂದು ಬರೆದ. ದ್ವೀಪದಲ್ಲಿ ನೀರುನಾಯಿ ಅಳಿದು ಮೂವತ್ತು ವರ್ಷವಾಗಿತ್ತು. ಕಚೇರಿಯವರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಕಣ್ಣಿನ ತೊಂದರೆ ಇರಬಹುದು’ ಎಂದು ಬರೆದರು. ಅಲ್ಲಿಯ ನಿಯಮ ಹಾಗೆ: ಇಬ್ಬರು ಕಂಡರೆ ಕಂಡಂತೆ, ಒಬ್ಬನೇ ಕಂಡರೆ ಅಂದುಕೊಂಡಂತೆ.

ನನ್ನ ತಮ್ಮ ತನ್ನ ಜೀವಮಾನದಲ್ಲಿ ಆಡಿದ ಸುಳ್ಳು ಒಂದೇ. ಶಾಲೆಯ ಕಿಟಕಿಯ ಗಾಜು ಒಡೆದವನು ತಾನೆಂದು ಹೇಳಿದ್ದ. ಒಡೆದವನು ನಾನು.

ಅವನು ತೀರಿಕೊಂಡ ನಾಲ್ಕನೆಯ ತಿಂಗಳು, ಆ ಕೆಂಪು ಗೆರೆ ಹೋಗಬೇಕೆಂದು ದ್ವೀಪಕ್ಕೆ ಹೊರಟೆ. ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬಳು ಹೊಸ ಕಾವಲುಗಾರ್ತಿ ಎಂದು ನನ್ನ ಎಣಿಕೆ. ನನಗೆ ಎಪ್ಪತ್ತಾರಾದ್ದರಿಂದ, ನೀರಿಗೆ ಬಿದ್ದರೆ ಎತ್ತಲು ತಮ್ಮನ ಹೆಂಡತಿಯೂ ಬಂದಳು.

“ಅವ್ರು ಬಂದು ಹೇಳಿದಾಗ, ಕನ್ನಡಕ ಬದಲಾಯಿಸ್ಕೊಳ್ಳಿ ಅಂದೆ, ಭಾವ,” ಎಂದಳು ದೋಣಿಯಲ್ಲಿ.

“ಅದಕ್ಕೇನಂದ?”

“ಬದಲಾಯಿಸ್ಕೊಂಡ್ರು.”

ನಾಲ್ಕು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ದ್ವೀಪದಲ್ಲಿ ಇಳಿದ ಕೂಡಲೇ ಒಂದು ಶೆಡ್ಡು. ಕಾವಲುಗಾರ್ತಿ ನಮ್ಮ ಚಪ್ಪಲಿಯ ಅಡಿ ಉಜ್ಜಿದಳು, ಚೀಲ ಕೊಡವಿದಳು, ಜೇಬು ಹೊರಗೆಳೆಯಲು ಹೇಳಿದಳು. ಹೊರಗಿನ ಒಂದು ಕಾಳೂ ಒಳಗೆ ಹೋಗುವಂತಿಲ್ಲ. ನನ್ನ ಜೇಬಿನಿಂದ ಜಪಮಾಲೆ ಬಂತು.

“ಯಾವುದರಿಂದ ಮಾಡಿದ್ದು, ಅಜ್ಜ?”

“ಬೀಜ.”

“ಮೊಳೆಯುತ್ತಾ?”

“ನಲವತ್ತು ವರ್ಷದಿಂದ ಜಪ ಮಾಡ್ತಿದ್ದೀನಮ್ಮ. ಇನ್ನೂ ಏನೂ ಮೊಳೆತಿಲ್ಲ.”

ಅವಳು ನಗಲಿಲ್ಲ. ಮಾಲೆಯನ್ನು ತಗಡಿನ ಡಬ್ಬಿಗೆ ಹಾಕಿ ಚೀಟಿ ಬರೆದುಕೊಟ್ಟಳು.

ಕೊಲ್ಲಿಯ ದಡದಲ್ಲಿ ಹುಲ್ಲು ಹೊದಿಸಿದ ಮರೆಗುಡಿಸಲಿತ್ತು. ಅಲ್ಲಿ ಉಸಿರೆತ್ತದೆ ಕೂರಬೇಕೆಂದು ಕಾವಲುಗಾರ್ತಿ ಹೇಳಿದಳು. ಮೂರು ಗಂಟೆ ಕೂತೆವು. ಏಡಿಗಳು ಬಂದವು. ಒಂದು ನೀರುಕಾಗೆ ಬಂಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಂಡಿತು. ನೀರುಕಾಗೆಗೆ ಕಾವಲುಗಾರ್ತಿಯೂ ನಾನೂ ಸಹಿ ಹಾಕಿದೆವು. ಅದನ್ನು ಯಾರೂ ಅನುಮಾನಿಸಿರಲಿಲ್ಲ.

ದೋಣಿ ಹೊರಡಲು ಅರ್ಧ ಗಂಟೆ ಉಳಿದಾಗ, ಇನ್ನು ದೇವರೇ ಗತಿ ಎಂದು ಜಪಕ್ಕೆ ತೊಡಗಿದೆ. ಮಾಲೆಯಿದ್ದರೆ ಎಣಿಸುವ ಕೆಲಸ ಕೈಯದು, ಕಣ್ಣಿಗೆ ಬಿಡುವು. ಬೆರಳಲ್ಲಿ ಎಣಿಸುವಾಗ ಕಣ್ಣು ತೆರೆದಿದ್ದರೆ ನನಗೆ ಲೆಕ್ಕ ತಪ್ಪುತ್ತದೆ. ಮುಚ್ಚಿದೆ. ಅರವತ್ತರ ಸುಮಾರಿಗೆ ಯಾರೋ ತೋಳು ಚಿವುಟಿದರು. ದೋಣಿಗೆ ಅವಸರ ಮಾಡುತ್ತಿದ್ದಾರೆಂದುಕೊಂಡೆ. ನಲವತ್ತು ವರ್ಷದಲ್ಲಿ ಜಪವನ್ನು ನಡುವೆ ಬಿಟ್ಟವನಲ್ಲ. ನೂರೆಂಟು ಮುಗಿಸಿ ಕಣ್ಣು ತೆರೆದೆ.

ನೀರಿನಲ್ಲಿ ಅಲೆಯ ಬಳೆಗಳು ಹರಡುತ್ತಿದ್ದವು. ಇಬ್ಬರೂ ಹೆಂಗಸರು ಬಾಯಿಗೆ ಕೈ ಒತ್ತಿಕೊಂಡಿದ್ದರು.

“ಎಲ್ಲಿ ನೋಡ್ತಿದ್ರಿ, ಭಾವ?” ಎಂದಳು ತಮ್ಮನ ಹೆಂಡತಿ.

“ಎಲ್ಲೂ ಇಲ್ಲ.”

“ನಿಮ್ಮ ಕಾಲಿಂದ ಮೂರು ಮಾರು! ತಾಯಿ, ಹಿಂದೆ ಎರಡು ಮರಿ! ನಾನ್ ಚಿವುಟಿದ್ನಲ್ಲ!”

“ಗೊತ್ತಾಯ್ತು.”

ಕಾವಲುಗಾರ್ತಿ ಪುಸ್ತಕ ತೆಗೆದು ಬರೆದು ಸಹಿ ಹಾಕಿದಳು. ತಮ್ಮನ ಹೆಂಡತಿ ಹಾಕಿದಳು. ಅವಳ ಸಹಿ ಎರಡು ಸಾಲು ಹಿಡಿಯಿತು. ಕಾವಲುಗಾರ್ತಿ ಹಿಂದಿನ ಪುಟಗಳನ್ನು ಮಗುಚಿ, ಕೆಂಪು ಗೆರೆಯ ಪಕ್ಕದಲ್ಲಿ ‘ನಿಜ’ ಎಂದು ಬರೆದು ತಾರೀಖು ಹಾಕಿದಳು.

“ನೀವೂ ಹಾಕಿ ಭಾವ, ಇಲ್ಲೇ ಇದ್ರಲ್ಲ.”

“ಇದ್ದೆ. ಕಾಣಲಿಲ್ಲ.”

“ಯಾರಿಗ್ ಗೊತ್ತಾಗುತ್ತೆ?”

ನಾನು ಮೇಲೆ ನೋಡಿದೆ. ಅವಳೂ ನೋಡಿದಳು. ಅಲ್ಲಿ ಹುಲ್ಲಿನ ಸೂರಿತ್ತು.

ನೀರುನಾಯಿಯನ್ನು ತೋರಿಸೆಂದು ದೇವರಲ್ಲಿ ಬೇಡಿದ್ದು ನಾನೇ. ಯಾರಿಗೆ ಎಂದು ಹೇಳಿರಲಿಲ್ಲ. ಅವನ ಮೇಲೆ ದೂರು ಹೇಳುವಂತಿಲ್ಲ.

ವಾಪಸು ದೋಣಿಯಲ್ಲಿ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, “ಎರಡೇ ಮರಿ, ಭಾವ. ಅವ್ರು ಹೇಳಿದ ಹಾಗೇ,” ಎಂದಳು.

“ಮೊದಲಿಂದ ಹೇಳಮ್ಮ. ನಾನು ನೋಡಿಲ್ಲವಲ್ಲ.”

ಅವಳು ಹೇಳತೊಡಗಿದಳು. ನೀರು ಹೇಗಿತ್ತು, ಬಿಸಿಲು ಹೇಗೆ ಹೊಳೆಯಿತು, ಮೊದಲ ಗುಳ್ಳೆ ಎಲ್ಲಿ ಎದ್ದಿತು ಎಂದು ಹೇಳಿದಳು. ದೋಣಿಯವನು ಹಗ್ಗ ಕಟ್ಟಿ, ನಾವು ಇಳಿಯಲೆಂದು ಕಾಯುತ್ತ ನಿಂತ. ಅವಳು ಆಗಿನ್ನೂ ತಾಯಿಯ ಮೂತಿಗೆ ಬಂದಿದ್ದಳು.