ಪಟದ ಮುಂದಿನ ಗುಲಾಬಿ

ದಾಲತ್ ಊರಿನ ಗುಲಾಬಿ ಶೆಡ್ಡಿನಲ್ಲಿ ನನ್ನದು ದಂಟು ಅದ್ದುವ ಕೆಲಸ. ಕೊಯ್ದ ಹೂವಿಗೆ ಹಾರ್ಮೋನ್ ಬೆರೆಸಿದ ನೀರು ಕುಡಿಸಿದರೆ ಅದಕ್ಕೆ ಮುಪ್ಪು ತಡವಾಗಿ ಬರುತ್ತದೆ. ನನಗೆ ಅಂಥ ನೀರು ಯಾರೂ ಕುಡಿಸಲಿಲ್ಲ. ಸಂಜೆಯಾಗುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ.

ಗಂಡ ಖಾಂಗ್ ಸತ್ತು ವರ್ಷಗಳೇ ಕಳೆದಿದ್ದವು. ಸೈಗಾನಿಗೆ ಹೂ ಸಾಗಿಸುವ ಲಾರಿಯ ಚಾಲಕ ತ್ವಾನ್, ಮದುವೆಯಾಗಿ ಅಲ್ಲಿಗೇ ಕರೆದೊಯ್ಯುತ್ತೇನೆ ಎಂದ. ನನಗೂ ಮನಸ್ಸಿತ್ತು. ಆದರೆ ಅತ್ತೆ ಒಪ್ಪದೆ ಹೊಸಿಲು ದಾಟುವ ಧೈರ್ಯವಿರಲಿಲ್ಲ. ಕೇಳಿದರೆ ಅವಳು ಮಗನ ಪಟದತ್ತ ಕೈ ತೋರಿಸಿದಳು.

"ನನ್ನೇನು ಕೇಳ್ತೀಯ? ಅವನನ್ನೇ ಕೇಳು. ನಾಳೆ ತಿಥಿಗೆ ಹೂ ಇಡು. ಹುಣ್ಣಿಮೆ ತನಕ ಉದುರದೆ ನಿಂತ್ರೆ ಅವನು ಒಪ್ಪಿದ ಅಂತ. ಆಮೇಲೆ ಮಹಾರಾಣಿ ಹಾಗೆ ಹೋಗು."

ಇಷ್ಟೇ ತಾನೆ ಎಂದುಕೊಂಡೆ. ಶೆಡ್ಡಿನಲ್ಲಿ ಹೊಟ್ಟೆ ತುಂಬ ಆ ನೀರು ಕುಡಿದ ಕೆಂಪು ಗುಲಾಬಿಗಳನ್ನೇ ತಂದು ಪಟದ ಮುಂದಿಟ್ಟೆ. ಮೋಸ ಎನ್ನುವವರು ಎನ್ನಲಿ.

ಹುಣ್ಣಿಮೆ ಇನ್ನೂ ದೂರವಿತ್ತು. ಒಂದು ಸಂಜೆ ಬಂದು ನೋಡುತ್ತೇನೆ, ಪಟವಿಟ್ಟ ಪೀಠದ ತುಂಬ ದಳಗಳು! ಹೂದಾನಿಗೆ ಒತ್ತಿಕೊಂಡು ಚುಕ್ಕೆ ಬಿದ್ದ ಬಾಳೆಹಣ್ಣಿನ ಚಿಪ್ಪು ಘಮಘಮಿಸುತ್ತಿತ್ತು. ತಿಥಿಗೆ ಹಣ್ಣಿಡದ ಮನೆ ನಮ್ಮಲ್ಲಿಲ್ಲ, ಸರಿ. ಆದರೆ ಮಾಗಿದ ಹಣ್ಣು ಬಿಡುವ ಗಾಳಿ ಹೂವಿಗೆ ವಿಷ; ಶೆಡ್ಡಿನೊಳಕ್ಕೆ ಬಾಳೆಹಣ್ಣು ಬಿಟ್ಟುಕೊಳ್ಳುವುದೇ ಇಲ್ಲ. ಅದನ್ನು ನನಗೆ ಕಲಿಸಿದವಳು ಇದೇ ಅತ್ತೆ. ಅರ್ಧ ಆಯುಷ್ಯ ಅವಳೂ ಅಲ್ಲೇ ಸವೆಸಿದ್ದಳು.

"ಗೊತ್ತಿದ್ದೂ ಇಟ್ಟೆಯಲ್ಲಮ್ಮ!"

"ಹೂಂ, ಗೊತ್ತಿದ್ದೇ ಇಟ್ಟೆ. ನೀನು ಔಷಧಿ ಕುಡಿಸಿ ತಂದಿದ್ದು ನಂಗೆ ಗೊತ್ತಾಗಲ್ವಾ? ಕಳ್ಳಿ!"

"ನಾನು ಕಳ್ಳಿ, ನೀನೇನು ಸಾಚಾನಾ?"

ಅತ್ತೆ ನಕ್ಕಳು. ನಗುತ್ತಲೇ ಮುಖ ಸಣ್ಣದಾಯಿತು.

"ಹೋಗಬೇಡ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು ಕಣೇ. ನಾನೇನು ನಿನ್ನ ಹೆತ್ತಿದೀನಾ, ತಡೆಯೋಕೆ?"

ಜಗಳಕ್ಕೂ ತ್ರಾಣವಿರಲಿಲ್ಲ. ಅವಳ ಪಕ್ಕ ನೆಲದ ಮೇಲೆಯೇ ಕುಸಿದು ಕೂತೆ. ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಪಾಪ ಎನಿಸಿತು. ಎರಡನ್ನೂ ಹೊರುವಷ್ಟು ಶಕ್ತಿ ನನ್ನಲ್ಲಿರಲಿಲ್ಲ.

"ಹುಣ್ಣಿಮೆಗೆ ತ್ವಾನ್ ಬರ್ತಾನೆ. ನಾನು ಹೋಗ್ತೀನಮ್ಮ," ಎಂದೆ. "ಖಾಂಗ್ ಒಪ್ಪಲಿ, ಬಿಡಲಿ."

ಅವಳು ಚಿಪ್ಪಿನಿಂದ ಒಂದು ಹಣ್ಣು ಕಿತ್ತು, ಸುಲಿದು, ನನ್ನ ಕೈಗಿಟ್ಟಳು.

"ತಿನ್ನು. ಬೆಳಗ್ಗಿಂದ ಏನೂ ತಿಂದಿರಲ್ಲ ನೀನು. ಅವನು ಯಾವತ್ತೋ ಒಪ್ಪಿರ್ತಾನೆ ಕಣೇ. ಒಪ್ಪದೇ ಇದ್ದೋಳು ನಾನು."